ಹರಕೆ ಹೆಸರಿಗೆ ಕೆಂಪು ಗೀಟು

ಬೆಂಗಳೂರಿನ ವಿಜಯನಗರದ ಮಾರ್ಕೆಟ್ ಬೀದಿಯ ಹಿಂದಿದ್ದ ಆ ಜನನ ನೋಂದಣಿ ಕಚೇರಿಯಲ್ಲಿ ಚನ್ನವೀರೇಶರನ್ನು ಎಲ್ಲರೂ ‘ಹೆಸರು ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅವರು ಮಾಡುತ್ತಿದ್ದ ಕೆಲಸ ಒಂದೇ: ಆ ಭಾಗದಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ದಾಖಲೆಗೆ ಹತ್ತಿಸುವುದು. ಕಿರಾಣಿ ಅಂಗಡಿಯವರು ಹೆಸರುಕಾಳನ್ನು ಅಂಗೈಯಲ್ಲಿ ಆಡಿಸಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಹೇಳುವ ಹಾಗೆ, ಒಂದು ಹೆಸರು ಕಿವಿಗೆ ಬಿದ್ದರೆ ಸಾಕು, ಅಪ್ಪನ ಜಿಲ್ಲೆ, ಅಮ್ಮನ ಓದು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನೆಲ್ಲ ಅವರು ಹೇಳಿಬಿಡುತ್ತಿದ್ದರು.

ಹೆಸರುಗಳ ಹುಟ್ಟು ಸಾವು ಅವರಷ್ಟು ನೋಡಿದವರಿಲ್ಲ. ಅವರು ಕೆಲಸಕ್ಕೆ ಸೇರಿದ್ದು ‘ಅಪ್ಪ’ಂದಿರ ತಲೆ ಉರುಳುತ್ತಿದ್ದ ಕಾಲದಲ್ಲಿ. ಬಸಪ್ಪ, ಈರಪ್ಪ, ದೇವೇಂದ್ರಪ್ಪ ಎಂಬ ಅಜ್ಜಂದಿರ ಹೆಸರಿನಿಂದ ಅಪ್ಪನನ್ನು ಕತ್ತರಿಸಿ ಬಿಸಾಕಿ, ಮೊಮ್ಮಕ್ಕಳಿಗೆ ‘ಏಶ್’ ಎಂಬ ಬಾಲ ಅಂಟಿಸುತ್ತಿದ್ದರು. ಆಮೇಲೆ ಕಿರಣ್‌ಗಳು ಬೆಳಗಿ ನಂದಿದರು. ಆಮೇಲೆ ಬಂದವರು ಆರವ್, ವಿಹಾನ್, ಕಿಯಾನ್, ರೇಯಾಂಶ್. ಇವುಗಳಲ್ಲಿ ನಮ್ಮ ಊರಿನ ಅಂಶ ಎಷ್ಟು ಎಂದು ಕೇಳಬಾರದು. ‘ಅಂಶ್’, ಅಷ್ಟೇ. ಈಗೀಗ ಬಸವೇಶ್ವರನಗರದ ದೊಡ್ಡ ಫ್ಲ್ಯಾಟುಗಳಲ್ಲಿ ಹಳೇ ಹೆಸರಿಗೆ ಮತ್ತೆ ಜೀವ ಬಂದಿದೆ, ಆದರೆ ಎಲ್ಲ ಅಜ್ಜಂದಿರಿಗೂ ಸೀಟಿಲ್ಲ. ರುದ್ರ ಪಾಸಾದ, ವೀರಭದ್ರ ಅರ್ಧ ಕತ್ತರಿಸಿಕೊಂಡು ಒಳಗೆ ಬಂದ. ಕುಂಬಾರನ, ಮೇದಾರನ, ಅಂಬಿಗನ ಕಸುಬನ್ನು ಹೆಸರಿನಲ್ಲಿಟ್ಟುಕೊಂಡ ಅಜ್ಜಂದಿರು ಮಾತ್ರ ಇನ್ನೂ ಗೇಟಿನ ಹೊರಗೇ ನಿಂತಿದ್ದಾರೆ.

ಹೀಗೆ ಊರವರ ಹೆಸರಿನ ಜಾತಕವನ್ನೆಲ್ಲ ಹೇಳುತ್ತಿದ್ದ ಚನ್ನವೀರೇಶರ ಸ್ವಂತ ಹೆಸರು ಚನ್ನವೀರೇಶ ಅಲ್ಲ. ಅದು ಮಡಿವಾಳಪ್ಪ.

ಲಿಂಗಸುಗೂರು ಕಡೆಯ ಅವರ ಹಳ್ಳಿಯಲ್ಲಿ ಈ ಹೆಸರು ಜೋಳದಷ್ಟು ಸಾಮಾನ್ಯ. ಕಲ್ಯಾಣದ ಶರಣರ ಕಾಲದಲ್ಲಿ ಬಟ್ಟೆ ಒಗೆಯುವ ಒಬ್ಬ ಶರಣನಿದ್ದ. ಶರಣರ ಬಟ್ಟೆಯ ಗಂಟು ಹೊತ್ತು, ಯಾರೂ ಮುಟ್ಟದಿರಲಿ ಎಂದು ಗಂಟೆ ಬಾರಿಸುತ್ತಾ ಬೀದಿಯಲ್ಲಿ ಬರುತ್ತಿದ್ದ ಎಂದು ಅಲ್ಲಿ ಈಗಲೂ ಕತೆ ಹೇಳುತ್ತಾರೆ. ಕಸುಬು ಅವನದ್ದಾದರೂ ಹೆಸರು ಎಲ್ಲರದ್ದಾಯಿತು. ಗೌಡರ ಮನೆಯಲ್ಲಿ ಮಡಿವಾಳಪ್ಪ, ಅಂಗಡಿ ಶೆಟ್ಟರ ಮನೆಯಲ್ಲಿ ಮಡಿವಾಳಪ್ಪ, ಕುರಿ ಕಾಯುವವರ ಮನೆಯಲ್ಲೂ ಮಡಿವಾಳಪ್ಪ. ಊರ ಗದ್ದುಗೆಯಲ್ಲಿ ಸಮಾಧಿಯಾದ ಸ್ವಾಮಿ ಅಜ್ಜನ ಹೆಸರೂ ಅದೇ. ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಐದು ಜನ ಇದ್ದರು: ಉದ್ದ ಮಡಿವಾಳ, ಗಿಡ್ಡ ಮಡಿವಾಳ, ಅಂಗಡಿ ಮಡಿವಾಳ, ಸಿಡುಕ ಮಡಿವಾಳ, ಮತ್ತು ನಮ್ಮವನು, ದೇವೇಂದ್ರಪ್ಪನ ಮಡಿವಾಳ. ಮೇಷ್ಟ್ರು ಹಾಜರಿ ಕರೆದರೆ ಐದೂ ಜನ ಒಟ್ಟಿಗೆ ‘ಹಾಜರ್ರೀ’ ಎನ್ನುತ್ತಿದ್ದರು.

ಐದರಲ್ಲಿ ಒಂದಾಗಿದ್ದ ಹೆಸರು ಬೆಂಗಳೂರಿಗೆ ಬಂದು ಒಂಟಿಯಾಯಿತು. ಮೂವತ್ತೆಂಟು ವರ್ಷದ ಹಿಂದೆ ರಾಜಾಜಿನಗರದ ಒಂದು ಹಾಸ್ಟೆಲಿಗೆ ಸೇರಿದ ಎರಡನೇ ವಾರ, ಕಾಲೇಜಿನಿಂದ ಬಂದು ನೋಡಿದರೆ ಮಡಿವಾಳಪ್ಪನ ಮಂಚದ ಮೇಲೆ ಮೂರು ಕೊಳೆ ಅಂಗಿ, ಒಂದು ಲುಂಗಿ. ಮೇಲೊಂದು ಚೀಟಿ: ‘ಸೋಮವಾರಕ್ಕೆ ಬೇಕು. ಕಾಲರ್‌ಗೆ ಗಂಜಿ ಹಾಕು.’ ಬಾಗಿಲಲ್ಲಿ ಏಳೆಂಟು ಜನ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಡಿವಾಳಪ್ಪ ಏನು ಮಾಡಿದ? ಅವನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗುವನ್ನು ನೆನೆದರೆ ಚನ್ನವೀರೇಶರಿಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಆ ವರ್ಷವೇ ನೋಟರಿ ಮುಂದೆ ಕೂತು, ಪೇಪರಿನಲ್ಲಿ ಎರಡು ಸಾಲು ಹಾಕಿಸಿ, ಅವನು ಚನ್ನವೀರೇಶ ಆದ. ಹೆಸರಿನ ಜೊತೆ ನಾಲಗೆಯನ್ನೂ ಒಗೆದು ಒಣಹಾಕಿದ; ‘ಐತಿ’ ಹೋಗಿ ‘ಇದೆ’ ಬಂತು. ಕೆಲಸ ಸಿಕ್ಕ ಮೇಲೆ ‘ಅವನು’ ಹೋಗಿ ‘ಅವರು’ ಕೂಡ ಬಂತು. ಊರಿನ ಅಪ್ಪ ಮಾತ್ರ ಬದಲಾಗಲಿಲ್ಲ. ಸಾಯುವ ತನಕ ಕಾಗದದ ಮೇಲೆ ‘ಚಿರಂಜೀವಿ ಮಡಿವಾಳಪ್ಪನಿಗೆ’ ಎಂದೇ ಬರೆದರು. ಆ ಕಾಗದ ಬೇರೆಯವರ ಕೈಗೆ ಸಿಗಬಾರದೆಂದು ಮಗ ಗೇಟಿನ ಹತ್ತಿರವೇ ಪೋಸ್ಟ್‌ಮ್ಯಾನ್‌ಗೆ ಕಾಯುತ್ತಿದ್ದ.

ಹಾಗೆಂದು ಬಟ್ಟೆ ಒಗೆಯುವುದು ಕೀಳು ಕೆಲಸವೇ ಎಂದು ಚನ್ನವೀರೇಶರನ್ನು ಕೇಳಿ ನೋಡಿ. ಸಿಟ್ಟಾಗುತ್ತಾರೆ. ಪ್ರತಿವರ್ಷ ಬಡಾವಣೆಯ ಬಸವ ಜಯಂತಿಯಲ್ಲಿ ‘ಕಾಯಕದಲ್ಲಿ ಮೇಲು ಕೀಳಿಲ್ಲ’ ಎಂಬ ವಿಷಯದ ಮೇಲೆ ಹನ್ನೆರಡು ನಿಮಿಷ ಮಾತಾಡುವವರೇ ಅವರು. ಕೊನೆಯಲ್ಲಿ ಜೋರು ಚಪ್ಪಾಳೆ ಬೀಳುತ್ತದೆ. ಭಾಷಣ ಮಾಡುವವರ ಹೆಸರನ್ನು ಮೈಕಿನಲ್ಲಿ ‘ಶ್ರೀ ಚನ್ನವೀರೇಶ್’ ಎಂದೇ ಕೂಗುತ್ತಾರೆ.

ಒಂದು ಶುಕ್ರವಾರ ಮಧ್ಯಾಹ್ನ, ಊಟಕ್ಕೆ ಇನ್ನೇನು ಏಳಬೇಕು, ಕೌಂಟರಿನ ಮುಂದೆ ಒಬ್ಬ ಡೆಲಿವರಿ ಹುಡುಗ ಬಂದು ನಿಂತ. ಇಪ್ಪತ್ತೇಳು ವರ್ಷವಿರಬಹುದು. ಬೆನ್ನಿಗೆ ಚೌಕದ ಚೀಲ, ಕೈಯಲ್ಲಿ ಹೆಲ್ಮೆಟ್. ಪಕ್ಕದಲ್ಲಿ ಹೆಂಡತಿ, ಅವಳ ತೋಳಿನಲ್ಲಿ ಕುಂಚಿಗೆ ಕಟ್ಟಿದ ಮೂರು ತಿಂಗಳ ಗಂಡುಕೂಸು.

“ನಮಸ್ಕಾರ್ರೀ ಸರ. ಕೂಸಿನ ಹೆಸರು ಹಾಕ್ಸೋದಿತ್ರಿ. ನಾನು ಅಮರೇಶ. ಈಕಿ ನಮ್ಮ ಮನಿಯಾಕಿ, ನೀಲಾಂಬಿಕಾ. ಬ್ಯಾಡರಹಳ್ಳ್ಯಾಗ ಇರ್ತೀವ್ರಿ.”

ಮಾತು ಕೇಳಿದ ಕೂಡಲೇ ಚನ್ನವೀರೇಶರಿಗೆ ಜಿಲ್ಲೆ, ತಾಲ್ಲೂಕು ಎರಡೂ ತಿಳಿದುಹೋಯಿತು. ತಮ್ಮದೇ ಕಡೆಯವರು. ಆದರೆ ಮುಖದಲ್ಲಿ ಏನನ್ನೂ ತೋರಿಸದೆ ಅರ್ಜಿಗೆ ಕೈ ಚಾಚಿದರು. ಮಗುವಿನ ಹೆಸರು ಎಂಬಲ್ಲಿ, ದುಂಡನೆ ಅಕ್ಷರದಲ್ಲಿ, ಬರೆದಿತ್ತು: ಮಡಿವಾಳಪ್ಪ.

ಇಪ್ಪತ್ತಾರು ವರ್ಷದಲ್ಲಿ ಆ ಹೆಸರು ಆ ಕೌಂಟರಿಗೆ ಬಂದದ್ದು ಅದೇ ಮೊದಲು. ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು.

ಪಕ್ಕದ ಕಂಪ್ಯೂಟರಿನಿಂದ ಅನಂತಲಕ್ಷ್ಮಿ ಬಗ್ಗಿ ನೋಡಿದಳು. ಟೈಪು ಮಾಡುವುದು ಅವಳ ಕೆಲಸ, ಟೀಕೆ ಮಾಡುವುದು ಹವ್ಯಾಸ.

“ಅಯ್ಯೋ, ಇದೇನ್ ಸಾರ್, ಏರಿಯಾ ಹೆಸ್ರು ಇಟ್ಬಿಟ್ಟವ್ರೆ! ಮಡಿವಾಳ! ಮುಂದಿನ ಮಗೂಗೆ ಸಿಲ್ಕ್ ಬೋರ್ಡ್ ಅಂತ ಇಡ್ತಾರಾ?”

ಸಾಲಿನಲ್ಲಿದ್ದ ಇಬ್ಬರು ನಕ್ಕರು. ಅಮರೇಶ ಅರ್ಥವಾಗದೆ ತಾನೂ ಸ್ವಲ್ಪ ನಕ್ಕ. ಆ ನಗು ಚನ್ನವೀರೇಶರಿಗೆ ಚೆನ್ನಾಗಿ ಪರಿಚಯವಿತ್ತು. ಅದನ್ನು ನೋಡಲಾಗದೆ ಅವರು ಅರ್ಜಿಯನ್ನು ತಿರುಗಿಸಿ ಹುಡುಗನ ಮುಂದಿಟ್ಟರು.

“ನೋಡಿ ಅಮರೇಶ್, ನಿಮ್ಮಗ ಓದೋದು ಇಲ್ಲೇ ತಾನೆ?”

“ಹೌದ್ರಿ ಸರ.”

“ಇಂಗ್ಲಿಷ್ ಮೀಡಿಯಂ?”

“ಹಂಗ ಆಸೆ ಐತ್ರಿ.”

“ಮತ್ತೆ? ಆ ಹೆಸ್ರಿಟ್ಕೊಂಡು ಕ್ಲಾಸಲ್ಲಿ ಕೂತ್ರೆ ಏನಂತಾರೆ ಯೋಚ್ನೆ ಮಾಡಿದೀರಾ? ಈ ಊರಲ್ಲಿ ಅದನ್ನ ಹೆಸ್ರು ಅಂದ್ಕೊಳಲ್ಲ. ಬಟ್ಟೆ ಒಗೆಯೋರು ಅಂತಾರೆ. ದಿನಾ ಅಳ್ತಾ ಬರ್ತಾನೆ ಮಗು.”

“ಇದು ಹರಕಿ ಹೆಸರ್ರೀ ಸರ. ಎರಡು ಸಲ ಹೊಟ್ಟಿಯಾಗ ನಿಲ್ಲಲಿಲ್ರಿ. ನಮ್ಮವ್ವ ಗದ್ದಿಗಿಗೆ ಬೇಡ್ಕೊಂಡಿದ್ಳು.”

“ಹರಕೆ ಮನೇಲಿರ್ಲಿ ಬಿಡಿ. ಮನೇಲಿ ಏನ್ ಬೇಕಾದ್ರೂ ಕರೀರಿ, ಯಾರ್ ಬೇಡ ಅಂತಾರೆ? ಕಾಗದದಲ್ಲಿ ಒಂದು ಒಳ್ಳೇ ಹೆಸ್ರಿರ್ಲಿ.”

ನೀಲಾಂಬಿಕಾ ಮೊದಲ ಸಲ ಬಾಯಿ ಬಿಟ್ಟಳು. “ಅತ್ತೀನ ಕೇಳಬೇಕಾಗತೈತ್ರಿ.”

“ಅತ್ತೆ ಊರಲ್ಲಿರ್ತಾರಮ್ಮ. ಮಗು ಇಲ್ಲಿರತ್ತೆ.”

ಅಷ್ಟರಲ್ಲಿ ಅಮರೇಶನ ಫೋನು ಕೂಗತೊಡಗಿತು. ಯಾರದೋ ಬಿರಿಯಾನಿ ನಾಯಂಡಹಳ್ಳಿಯಲ್ಲಿ ತಣ್ಣಗಾಗುತ್ತಿತ್ತು. ಅವನು ಫೋನು ನೋಡಿದ, ಕೂಸು ನೋಡಿದ, ಸಾಲಿನಲ್ಲಿ ನಿಂತವರ ಮುಖ ನೋಡಿದ. “ನೀವು ಓದಿದವರು, ದೊಡ್ಡವರು. ನೀವ ಒಂದು ಹೇಳ್ರಿ ಸರ.”

ಚನ್ನವೀರೇಶರು ಕೆಂಪು ಪೆನ್ನು ತೆಗೆದರು. ಮಡಿವಾಳಪ್ಪನ ಮೇಲೆ ಒಂದು ಗೀಟು ಎಳೆದರು. ಸುಮ್ಮನೆ ಎಳೆದದ್ದಲ್ಲ, ಸ್ಕೇಲಿಟ್ಟು ಎಳೆದರು. ಮೇಲೆ ತಮ್ಮ ಮುದ್ದಾದ ಅಕ್ಷರದಲ್ಲಿ ‘ವಿಹಾನ್’ ಎಂದು ಬರೆದರು. ಅನಂತಲಕ್ಷ್ಮಿ ಫೋನು ನೋಡಿ, “ಬೆಳಗ್ಗೆ ಅಂತ ಅರ್ಥ ಕಣಮ್ಮ, ಸಖತ್ತಾಗಿದೆ” ಎಂದಳು. ಅಮರೇಶ ರುಜು ಹಾಕಿದ. ನೀಲಾಂಬಿಕಾ ಕೂಸಿನ ಮುಖವನ್ನೇ ನೋಡುತ್ತಿದ್ದಳು, ಅದು ಯಾರ ಕೂಸು ಎಂಬ ಹಾಗೆ.

ಆ ದಿನ ಚನ್ನವೀರೇಶರು ಡಬ್ಬಿ ಬಿಚ್ಚಿ ಒಂದು ಚಪಾತಿ ಜಾಸ್ತಿ ತಿಂದರು. ಒಂದು ಮಗುವನ್ನು ಉಳಿಸಿದೆ ಎಂದುಕೊಂಡರು. ತನಗೆ ಹದಿನೆಂಟರಲ್ಲಿ ಸಿಗದ ಸಾಹೇಬರು ಆ ಕೂಸಿಗೆ ಮೂರು ತಿಂಗಳಿಗೇ ಸಿಕ್ಕಿದರಲ್ಲ!

ಹನ್ನೆರಡು ದಿನದ ಮೇಲೆ, ಬುಧವಾರ, ಕಚೇರಿ ಬಾಗಿಲು ತೆಗೆದ ಅರ್ಧ ಗಂಟೆಗೆ ಒಬ್ಬ ಮುದುಕಿ ಒಳಗೆ ಬಂದಳು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಹಣೆಯಲ್ಲಿ ಮೂರು ಬೆರಳು ವಿಭೂತಿ. ಹಿಂದೆ ಅಮರೇಶ, ತಲೆ ತಗ್ಗಿಸಿಕೊಂಡು.

“ಹೆಸರು ಬರಿಯೋ ಸಾಹೇಬ್ರು ಯಾರ್ರೀ ಇಲ್ಲಿ?”

“ನಾನೇ. ಹೇಳಿ ಅಮ್ಮ.”

“ನಾ ಹನುಮವ್ವರೀ. ಇವನ್ನ ಹಡದಾಕಿ. ಮೊಮ್ಮಗನ್ನ ನೋಡಾಕ ನಿನ್ನೆ ಬಂದೆ. ಕಾಗದ ತೋರ್ಸೋ ಅಂದ್ರ ಏನೋ ಬ್ಯಾರೇ ಹೆಸರು ಓದಾಕತ್ತಾನ. ನಮ್ಮ ಕೂಸಿನ ಹೆಸರು ಮಡಿವಾಳಪ್ಪ ಐತ್ರಿ ಯಪ್ಪಾ. ತೊಟ್ಟಿಲಾಗ ಹಾಕಿದ ದಿನ ಕೂಸಿನ ಸೋದರತ್ತಿ ಕಿವ್ಯಾಗ ಮೂರು ಸಲ ಕುರ್ರ್ ಅಂದು ಹೆಸರು ಹೇಳ್ಯಾಳ. ಹೇಳಿದ್ದಕ್ಕ ನಾವೆಲ್ಲಾ ಸೇರಿ ಆಕಿ ಬೆನ್ನಿಗೆ ಗುದ್ದೀವಿ. ಐದು ವರ್ಷಕ್ಕ ಗದ್ದಿಗಿ ಮುಂದ ಜವಳ ತಗಸಬೇಕು. ಏನಂತ ಕರದು ಕೂದಲಾ ತಗೀಲಿ? ಕಿವ್ಯಾಗ ಒಂದು, ಕಾಗದದಾಗ ಒಂದು ಅಂದ್ರ ಅಜ್ಜ ಒಪ್ತಾನೇನ್ರೀ?”

“ಮನೇಲಿ ಕರೆಯೋಕೆ ಅಡ್ಡಿ ಇಲ್ವಲ್ಲಮ್ಮ.”

“ಮನಿ ಅಂದ್ರ ಎಷ್ಟು ದಿನಾರೀ? ನಾಳೆ ಸಾಲ್ಯಾಗ ಹಾಜರಿ ಕರಿಯೋದು ಕಾಗದದ ಹೆಸರು. ಲಗ್ನದ ಕಾರ್ಡಿಗೆ ಬರಿಯೋದು ಕಾಗದದ ಹೆಸರು. ಆಮ್ಯಾಲ ಕಿವ್ಯಾಗಿಂದು ಯಾರಿಗೆ ನೆಪ್ಪಿರ್ತೈತಿ? ಇದನ್ನ ಬದಲಿ ಮಾಡಿದವರು ಯಾರು, ಅದ ಹೇಳ್ರಿ ಮೊದಲು.”

ಅಮರೇಶ ಮೆಲ್ಲಗೆ, “ನಾ ಹೇಳಿದ್ನಲ್ಲವ್ವಾ, ಸಾಹೇಬ್ರ...” ಎಂದ.

ಸಾಲಿನಲ್ಲಿ ಎಂಟು ಜನ. ಅನಂತಲಕ್ಷ್ಮಿ ಟೈಪಿಸುವುದನ್ನು ನಿಲ್ಲಿಸಿ ಕಿವಿ ಕೊಟ್ಟಿದ್ದಳು. ಒಳಕೋಣೆಯಲ್ಲಿ ಮೇಲಧಿಕಾರಿ. ಆ ಅರ್ಜಿ, ಅದರ ಮೇಲಿನ ಕೆಂಪು ಗೀಟು, ಗೀಟಿನ ಮೇಲಿನ ಅಕ್ಷರ ಎಲ್ಲವೂ ಎರಡು ಮಾರು ದೂರದ ಬೀರುವಿನಲ್ಲಿತ್ತು.

“ನಾನ್ಯಾಕ್ ಹೇಳ್ಲಿ?” ಎಂದರು ಚನ್ನವೀರೇಶರು. “ಪಾರ್ಟಿ ಏನ್ ಕೊಡ್ತಾರೋ ಅದನ್ನ ಬರೀತೀವಿ ನಾವು. ಅವ್ರೇ ರುಜು ಹಾಕಿದಾರೆ.”

ಮಾತು ಬಾಯಿಂದ ಎಷ್ಟು ಸಲೀಸಾಗಿ ಹೊರಟಿತೆಂದರೆ, ಹೇಳಿದವರು ಬೇರೆ ಯಾರೋ ಎಂದು ಅವರಿಗೇ ಅನಿಸಿತು. ಅಮರೇಶ ತಲೆಯೆತ್ತಿ ಅವರನ್ನು ನೋಡಿದ. ಸಿಟ್ಟಿರಲಿಲ್ಲ. ಆರ್ಡರ್ ತಡವಾಗಿದ್ದಕ್ಕೆ ಯಾರದೋ ಬೈಗುಳ ತಿನ್ನುವಾಗ ಇರುವಂಥ ಒಂದು ಅಭ್ಯಾಸದ ಮುಖ.

“ಹೌದವ್ವಾ,” ಎಂದ. “ನಾನ ಬದಲಿ ಮಾಡಿದ್ದು. ಸಾಹೇಬ್ರದು ಏನಿಲ್ಲ. ನಡಿ ಹೋಗೂಣು.”

ಹನುಮವ್ವ ಮಗನ ಕಡೆ ತಿರುಗಿದಳು. “ಭಾಡ್ಯಾ! ತಪ್ಪು ಮಾಡಿ ದೊಡ್ಡವರ ಮ್ಯಾಲೆ ಹಾಕ್ತೀಯಲ್ಲೋ! ನನ್ನ ಹರಕಿ ಮುರದಿ. ಮುರದವನ ಕೈಯಾಗಿನ ನೀರೂ ನಾ ಕುಡಿಯಂಗಿಲ್ಲ, ತಿಳ್ಕೋ.” ಆಮೇಲೆ ಕೌಂಟರಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. “ತಪ್ಪು ತಿಳ್ಕೋಬ್ಯಾಡ್ರಿ ಸಾಹೇಬ್ರ. ಹುಡುಗ ಬುದ್ಧಿಗೇಡಿ. ಈಗ ತಿದ್ದಾಕ ಬರ್ತೈತೇನ್ರೀ?”

“ಒಂದ್ಸಲ ಹತ್ತಿದ ಹೆಸ್ರು ಇಳಿಯಲ್ಲಮ್ಮ. ರೂಲ್ಸಿಲ್ಲ.”

“ಆತು ಬಿಡ್ರಿ. ನಿಮ್ಮದು ಯಾವೂರ್ರೀ?”

“ಬೆಂಗಳೂರೇ.”

ಒಂದೇ ನಿಮಿಷದಲ್ಲಿ ಎರಡು ಸುಳ್ಳು. ಹೆಸರು ಸಾಹೇಬರಿಗೆ ಇದ್ದದ್ದು ಹೆಸರೊಂದೇ, ಅದೂ ಹೆಸರಿಗಷ್ಟೇ.

ಆ ದಿನ ಡಬ್ಬಿಯನ್ನು ಬಿಚ್ಚದೆ ಹಾಗೇ ಮನೆಗೆ ವಾಪಸ್ ಒಯ್ದರು. ತಾಯಿ ಕೈಮುಗಿದದ್ದು, ಮಗ ಸುಮ್ಮನೆ ತಪ್ಪು ಹೊತ್ತುಕೊಂಡದ್ದು, ಎರಡೂ ಕಣ್ಣ ಮುಂದೆಯೇ ಇದ್ದವು. ಗುರುವಾರ ಬೀರು ತೆಗೆದು ಆ ಅರ್ಜಿ ನೋಡಿದರು. ಗೀಟು ಎಷ್ಟು ನೇರವಾಗಿತ್ತೆಂದರೆ, ಕೈ ನಡುಗಿತ್ತು ಎಂದು ಹೇಳಿಕೊಳ್ಳುವುದಕ್ಕೂ ದಾರಿಯಿರಲಿಲ್ಲ.

ತಿದ್ದುಪಡಿಗೆ ರೂಲ್ಸಿಲ್ಲ ಎಂದದ್ದೂ ಪೂರ್ತಿ ನಿಜವಲ್ಲ. ಒಂದು ಕಿಂಡಿ ಇತ್ತು. ತಪ್ಪು ಕಚೇರಿಯದೇ ಎಂದು ಆ ನೌಕರನೇ ಬರೆದುಕೊಟ್ಟು, ತಂದೆ ರುಜು ಹಾಕಿದರೆ ಹೆಸರನ್ನು ಸರಿಮಾಡಬಹುದು. ಆ ತಪ್ಪೊಪ್ಪಿಗೆಯ ಒಂದು ಪ್ರತಿ ನೌಕರನ ಸೇವಾ ಪುಸ್ತಕಕ್ಕೆ ಸೇರುತ್ತದೆ. ನಿವೃತ್ತಿಗೆ ಮೂರೂವರೆ ವರ್ಷವಿದ್ದ, ಇಲ್ಲಿಯವರೆಗೆ ಒಂದು ನೋಟೀಸೂ ಕಾಣದ ಪುಸ್ತಕ ಅದು.

ಚನ್ನವೀರೇಶರು ಬರೆಯಲು ಕೂತರು. ಮೊದಲ ಸಲ ‘ಕಣ್ತಪ್ಪಿನಿಂದ’ ಎಂದು ಬರೆದರು. ಸ್ಕೇಲಿಟ್ಟು ಗೀಟು ಎಳೆಯುವ ಕಣ್ತಪ್ಪು ಯಾವುದು ಎಂದು ತಮಗೇ ನಗು ಬಂದು ಹರಿದರು. ಎರಡನೇ ಸಲ ‘ಸಿಬ್ಬಂದಿಯ ಅಚಾತುರ್ಯದಿಂದ’ ಎಂದು ಬರೆದರು. ಸಿಬ್ಬಂದಿ ಎಂದರೆ ಎಲ್ಲರೂ ಅನಂತಲಕ್ಷ್ಮಿ ಎಂದುಕೊಳ್ಳುತ್ತಾರೆ ಎಂಬುದು ಗೊತ್ತಿದ್ದೇ ಬರೆದದ್ದೆಂದು ಹೊಳೆದು, ಅದನ್ನೂ ಹರಿದರು. ಸರ್ಕಾರಿ ಕನ್ನಡದಲ್ಲಿ ತಪ್ಪುಗಳೆಲ್ಲ ತಮ್ಮಷ್ಟಕ್ಕೆ ತಾವೇ ಆಗಿಬಿಡುತ್ತವೆ, ‘ಆಗಿರುತ್ತದೆ’, ‘ಕಂಡುಬಂದಿರುತ್ತದೆ’. ಮಾಡಿದವರು ಸಿಗುವುದಿಲ್ಲ. ‘ಪೋಷಕರು ಬರೆದು ತಂದ ಹೆಸರನ್ನು ನಾನು ಹೊಡೆದುಹಾಕಿ ಬೇರೆ ಬರೆದೆ’ ಎಂಬ ಒಂದು ಸಾಲು ಬರೆಯಲು ಅವರಿಗೆ ಶುಕ್ರವಾರ ಸಾಯಂಕಾಲ ಐದೂವರೆಯಾಯಿತು.

ಭಾನುವಾರ ಹತ್ತು ಗಂಟೆಗೆ ಮಾಗಡಿ ರಸ್ತೆಯ ಬಸ್ಸು ಹಿಡಿದು ಬ್ಯಾಡರಹಳ್ಳಿಗೆ ಹೋದರು. ಅರ್ಜಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಮೂರನೇ ಮಹಡಿಗೆ ಹತ್ತಿದರೆ, ತಾರಸಿಯ ಮೇಲೆ ಸಾಲಾಗಿ ನಾಲ್ಕು ಒಂಟಿ ಕೋಣೆಗಳು, ಎಲ್ಲಕ್ಕೂ ಸೇರಿ ಮುಂದೆ ಓಡಾಡಲು ಒಂದೇ ಓಣಿ. ಎರಡನೆಯದರ ಬಾಗಿಲು ತೆರೆದಿತ್ತು. ಒಳಗೆ ಅಮರೇಶ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ, ನೀಲಾಂಬಿಕಾ ರೊಟ್ಟಿ ತಟ್ಟುತ್ತಿದ್ದಳು. ಹನುಮವ್ವ ಗೋಡೆಗೆ ಒರಗಿ ಬೇರೆಯೇ ಕೂತಿದ್ದಳು. ಅವಳ ಮುಂದೆ ಪಕ್ಕದ ಮನೆಯಿಂದ ಬಂದ ತಟ್ಟೆ, ಪಕ್ಕದ ಮನೆಯಿಂದ ಬಂದ ಚೊಂಬು.

“ಸಾಹೇಬ್ರ!” ಅಮರೇಶ ಗಾಬರಿಯಾಗಿ ಎದ್ದ. “ಏನಾರ ಪ್ರಾಬ್ಲಮ್ಮಾತೇನ್ರೀ?”

“ಇಲ್ಲ, ಕೂತ್ಕೊಳ್ಳಿ.” ಚನ್ನವೀರೇಶರು ಬಾಗಿಲ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು. ಬಸ್ಸಿನಲ್ಲಿ ಪೂರ್ತಿ ಉರುಹೊಡೆದಿದ್ದ ಮಾತು ಒಂದೂ ನೆನಪಾಗಲಿಲ್ಲ. “ಅಮ್ಮ, ನಿಮ್ಮ ಮಗ ಆವತ್ತು ಮೊದ್ಲು ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದು ಸುಳ್ಳು. ಹೆಸ್ರು ಹೊಡೆದುಹಾಕಿದ್ದು ನಾನೇ.”

ರೊಟ್ಟಿ ತಟ್ಟುವ ಸದ್ದು ನಿಂತಿತು.

“ನೀವಾ?” ಎಂದಳು ಹನುಮವ್ವ. “ಎದಕ್ಕ್ರೀ? ನಮ್ಮ ಕೂಸಿನ ಹೆಸರು ನಿಮಗೇನು ಮಾಡಿತ್ತು?”

“ನನ್ ಹೆಸ್ರೂ ಅದೇ ಅಮ್ಮ. ಚನ್ನವೀರೇಶ ಅನ್ನೋದು ನಾನೇ ಇಟ್ಕೊಂಡಿದ್ದು. ನಮ್ಮಪ್ಪ ಇಟ್ಟಿದ್ದು ಮಡಿವಾಳಪ್ಪ. ನಮ್ಮೂರೂ ನಿಮ್ಮ ಕಡೇನೇ. ಲಿಂಗಸುಗೂರು ತಾಲ್ಲೂಕು.”

ಹಾಸ್ಟೆಲಿನ ಮಂಚ, ಮೂರು ಅಂಗಿ, ಲುಂಗಿ, ಚೀಟಿ ಎಲ್ಲವನ್ನೂ ಹೇಳಿದರು. ತಾನೂ ನಕ್ಕದ್ದನ್ನು ಹೇಳಿದರು. ಅದನ್ನು ಅವರು ಇದುವರೆಗೆ ಹೆಂಡತಿಗೂ ಹೇಳಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವರ ಕಣ್ಣು ನೆಲದ ಮೇಲಿತ್ತು. ಬಯ್ಗುಳ ಬೀಳುತ್ತದೆ ಎಂದು ಕಾದರು.

ಹನುಮವ್ವನ ಮುಖ ಅರಳಿಬಿಟ್ಟಿತ್ತು. ಎದ್ದು ಬಂದವಳೇ ಅವರ ಎರಡೂ ಕೆನ್ನೆ ಸವರಿ ತನ್ನ ಹಣೆಗೆ ಬೆರಳೊತ್ತಿ ನೆಟಿಗೆ ಮುರಿದಳು. “ಅಯ್ಯ ನನ್ನಪ್ಪ! ನಮ್ಮ ಹುಡುಗ ಅನ್ನು! ಗದ್ದಿಗಿ ಅಜ್ಜ ನಮ್ಮ ಮನಿ ಮುಂದ ತಂದು ಕುಂದ್ರಿಸ್ಯಾನ ನೋಡು.” ಆಮೇಲೆ ಹೊಲದ ಬದುವಿನಿಂದ ಕರೆಯುವಷ್ಟು ಜೋರಾಗಿ, “ಲೇ ಮಡಿವಾಳಪ್ಪಾ! ಆರಾಮ ಕುಂದ್ರೋ ತಮ್ಮಾ, ಬಾಗಲಾಗ ಯಾಕ ಕುಂತಿ? ಒಳಗ ಬಾರೋ ಮಡಿವಾಳಪ್ಪಾ!”

ಅಪ್ಪ ಸತ್ತ ಮೇಲೆ ಯಾರೂ ಹಾಗೆ ಕರೆದಿರಲಿಲ್ಲ. ಚನ್ನವೀರೇಶರಿಗೆ ಎದ್ದು ಆ ಮುದುಕಿಯ ಕಾಲು ಮುಟ್ಟಬೇಕೆನಿಸಿತು. ಆದರೆ ಮನಸ್ಸಿಗಿಂತ ಮೊದಲು ಕತ್ತು ತಿರುಗಿಬಿಟ್ಟಿತ್ತು, ಬಾಗಿಲ ಕಡೆಗೆ. ಓಣಿಯಲ್ಲಿ ಪಕ್ಕದ ಕೋಣೆಯವನೊಬ್ಬ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಅವನು ಕೇಳಿಸಿಕೊಂಡನೇ?

“ಯಾರನ್ನ ನೋಡಾಕತ್ತೀರ್ರೀ ಸರ?” ನೀಲಾಂಬಿಕಾ ಕೇಳಿದಳು. ಅಣಕವಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು.

ಚನ್ನವೀರೇಶರು ತಟ್ಟನೆ ಮುಖ ಈಚೆಗೆ ತಿರುಗಿಸಿದರು. “ಯಾರೂ ಇಲ್ಲಮ್ಮ” ಎಂದರು. ಕುತ್ತಿಗೆಯಿಂದ ಹಣೆಯವರೆಗೆ ರಕ್ತ ಹತ್ತಿದ್ದು ಅವರಿಗೇ ಗೊತ್ತಾಗುತ್ತಿತ್ತು. ಮರೆಸಲು ಅವಸರದಲ್ಲಿ ಚೀಲದಿಂದ ಕಾಗದ ತೆಗೆದು ಅಮರೇಶನ ಮುಂದೆ ಹಿಡಿದರು. “ತಪ್ಪು ನಂದೇ ಅಂತ ಬರೆದಿದೀನಿ. ಇಲ್ಲೊಂದು ರುಜು ಹಾಕಿ ಸಾಕು. ವಾರದಲ್ಲಿ ಮಡಿ... ಸರಿಯಾದ ಹೆಸ್ರು ಬರತ್ತೆ.”

ಆ ಹೆಸರನ್ನು ಅವರು ಅರ್ಧಕ್ಕೇ ನುಂಗಿದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಅಮರೇಶ ಕಾಗದ ತೆಗೆದುಕೊಂಡ. ಒಂದು ಸಲ ಓದಿದ, ಇನ್ನೊಂದು ಸಲ ಓದಿದ. ಪೆನ್ನು ಕೊಡಲು ಹೋದರೆ ಅದನ್ನು ಮುಟ್ಟಲಿಲ್ಲ.

“ಬ್ಯಾಡ್ರಿ ಸರ.”

“ಯಾಕೆ?”

“ನೀವು ಬಂದಿದ್ದು ಭಾಳ ದೊಡ್ಡದು. ನನ್ನವ್ವ ಇನ್ನ ನನ್ನ ಕೈಲಿ ನೀರು ಕುಡೀತಾಳ, ನನಗ ಅಷ್ಟು ಸಾಕು. ಹೆಸರು ಮಾತ್ರ ಹಂಗಿರ್ಲಿ.”

“ಲೇ, ಹರಕಿನೋ!” ಎಂದಳು ಹನುಮವ್ವ.

“ಯವ್ವಾ, ಸರ್‌ನ ನೋಡು. ಆಫೀಸರ್ ಅದಾರ. ವಯಸ್ಸಾಗೇತಿ. ಕೂದಲಾ ಬೆಳ್ಳಗಾಗ್ಯಾವು. ನಮ್ಮ ಮನಿಯಾಗ, ನಮ್ಮ ಮುಂದ, ನೀ ಒಂದ್ಸಲ ಕರದಿದ್ದಕ್ಕ ಬಾಗಲಾ ನೋಡಿದ್ರು. ಮೂವತ್ತೆಂಟು ವರ್ಷ ಆದ್ರೂ ಆ ಅಂಜಿಕಿ ಹೋಗಿಲ್ಲ. ನಾ ದಿನಾ ನೂರು ಮನಿ ಬಾಗಲಾ ಬಡೀತೀನಿ, ನನಗ ಗೊತ್ತೈತಿ ಈ ಊರು. ನನ್ನ ಮಗ ಹಂಗ ಬಾಗಲಾ ನೋಡ್ಕೋತ ಬದುಕೋದು ಬ್ಯಾಡ. ಅಜ್ಜಗ ನಾನ ತಪ್ಪು ಕಾಣಿಕಿ ಕೊಟ್ಟು ಬೇಡ್ಕೋತೀನಿ.”

ಚನ್ನವೀರೇಶರು ಏನಾದರೂ ಹೇಳಬೇಕಿತ್ತು. ಅದು ಹಾಗಲ್ಲ, ಹೆಸರಿನಲ್ಲಿ ಏನೂ ಕೊರತೆಯಿಲ್ಲ, ಕೊರತೆ ನನ್ನಲ್ಲಿ, ನಾನು ಹೇಡಿ ಎಂದು ಹೇಳಬೇಕಿತ್ತು. ಕಾಯಕದ ಮೇಲೆ ಹನ್ನೆರಡು ನಿಮಿಷ ನಿಲ್ಲದೆ ಮಾತಾಡುವ ನಾಲಗೆ ಬಾಯಿಯಲ್ಲಿ ಹಸಿ ಬಟ್ಟೆಯ ಹಾಗೆ ಬಿದ್ದಿತ್ತು. ಹೇಳಿದ್ದರೂ ಹುಡುಗ ಯಾವುದನ್ನು ನಂಬಿಯಾನು? ಬಾಯಿ ಹೇಳುವುದನ್ನೋ, ಕತ್ತು ತಿರುಗಿದ್ದನ್ನೋ?

“ನಿಮ್ಮಿಷ್ಟ” ಎಂದರು.

ನೀಲಾಂಬಿಕಾ ಅತ್ತೆಯ ಮುಂದೆ ರೊಟ್ಟಿಯ ತಟ್ಟೆ ಇಟ್ಟಳು. ಅಮರೇಶ ಚೊಂಬು ತೊಳೆದು ನೀರು ತುಂಬಿ ತಾಯಿಗೆ ಕೊಟ್ಟ. ಹನುಮವ್ವ ತೆಗೆದುಕೊಂಡಳು, ಕುಡಿದಳು. ಕೂಸಿನ ಹಣೆಯ ಮೇಲೆ ಕೈಯಿಟ್ಟಳು. ಅವಳು ಬೈದಿದ್ದರೆ ಚನ್ನವೀರೇಶರಿಗೆ ಎಷ್ಟೋ ಹಗುರಾಗುತ್ತಿತ್ತು. ಅವರಿಗೂ ಒಂದು ರೊಟ್ಟಿ, ಶೇಂಗಾ ಚಟ್ನಿ ಬಂತು. ಬೇಡ ಎನ್ನಲು ಮುಖವಿಲ್ಲದೆ ತಿಂದರು.

ಹೊರಟಾಗ ಹನುಮವ್ವ ಮೆಟ್ಟಿಲವರೆಗೆ ಬಂದಳು. ಹಲ್ಲುಜ್ಜುತ್ತಿದ್ದವನು ಈಗ ಓಣಿಯಲ್ಲೇ ಕೂತು ಫೋನು ನೋಡುತ್ತಿದ್ದ. ಹನುಮವ್ವ ಅವನ ಕಡೆ ಒಮ್ಮೆ ನೋಡಿ, ಚನ್ನವೀರೇಶರ ತೋಳು ಹಿಡಿದು ಸ್ವಲ್ಪ ಆಚೆಗೆ ಕರೆದುಕೊಂಡು ಹೋದಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಇನ್ನೊಬ್ಬರ ಗುಟ್ಟನ್ನು ಕಾಪಾಡುವವರ ದನಿಯಲ್ಲಿ, ಅವರಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದಳು.

“ಹುಷಾರಾಗಿ ಹೋಗಿ ಬಾ ಮಡಿವಾಳಪ್ಪ.”

ಜೋರಾಗಿ ಕರೀರಿ ಅಮ್ಮ, ಎನ್ನಬೇಕೆಂದು ಚನ್ನವೀರೇಶರು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಹೆಂಗಸು ನೀರಿನ ಕ್ಯಾನು ಹೊತ್ತುಕೊಂಡು ಹತ್ತಿ ಬರುತ್ತಿದ್ದಳು. ಅವರು ಬಾಯಿ ಮುಚ್ಚಿಕೊಂಡು ಗೋಡೆಗೆ ಸರಿದು ಅವಳಿಗೆ ದಾರಿ ಬಿಟ್ಟರು. ಮತ್ತೆ ತಿರುಗಿ ನೋಡದೆ ಮೂರು ಮಹಡಿ ಇಳಿದರು.